ಸೂಡಿಯ ಅರಸಿ ಅಕ್ಕಾದೇವಿ

ಗಜೇಂದ್ರಗಡದ ಗುಡ್ಡವನ್ನು ಬೆನ್ನ ಹಿಂದೆ ಬಿಟ್ಟು ರೋಣದ ಕಡೆಗೆ ಹೊರಟರೆ ನೆಲವು ಬರಬರುತ್ತ ಬಯಲಾಗುತ್ತದೆ. ಕಣ್ಣು ಹರಿದಷ್ಟು ದೂರ ಎರೆಯ ಹೊಲಗಳು. ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ. ಬೇಸಗೆಯಲ್ಲಿ ಬಿರುಕು ಬಿಟ್ಟು ಬಾಯ್ದೆರೆದುಕೊಂಡ ಕಪ್ಪು ನೆಲ. ಗಿಡಮರಗಳು ಅಲ್ಲೊಂದು ಇಲ್ಲೊಂದು. ಇಂತಹ ಬಯಲಿನ ನಡುವೆ, ಇಟಗಿಯ ಸಮೀಪದಲ್ಲಿ, ಸೂಡಿ ಎಂಬ ಹಳ್ಳಿಯೊಂದಿದೆ. ಸಂತೆ, ಔಷಧ, ವ್ಯಾಪಾರ, ಹೆಚ್ಚಿನ ಓದು, ಇವೆಲ್ಲಕ್ಕೂ ಊರವರು ಗಜೇಂದ್ರಗಡವನ್ನೋ ರೋಣವನ್ನೋ ನೆಚ್ಚಿಕೊಂಡಿದ್ದಾರೆ. ದೊಡ್ಡ ಊರಿನ ನೆರಳಿನಲ್ಲಿ ಬಾಳುವ ಸಣ್ಣ ಊರು ಎಂದರೆ ಅದರ ವರ್ಣನೆ ಮುಗಿಯಿತೆಂದು ನಾನು ಬಹುಕಾಲ ತಿಳಿದಿದ್ದೆ. ಆ ತಿಳಿವಳಿಕೆ ತಪ್ಪೆಂಬುದನ್ನು ಹೇಳುವುದಕ್ಕಾಗಿಯೇ ಈ ಲೇಖನ.

ಸೂಡಿಯನ್ನು ನಾನು ಮೊದಲು ಕಂಡದ್ದು ಹುಡುಗನಾಗಿದ್ದಾಗ, ಗಜೇಂದ್ರಗಡದ ಕಾಲಕಾಲೇಶ್ವರನ ಜಾತ್ರೆಗೆ ಹೋಗುವ ಚಕ್ಕಡಿಯಲ್ಲಿ ಕುಳಿತು. ಬಯಲಿನಾಚೆ ಒಂದೇ ಗುಡಿಗೆ ಎರಡು ಶಿಖರಗಳು ಕಂಡವು. ಜೋಡು ಕಳಸದ ಗುಡಿ ಎಂದು ನಮ್ಮ ಅಜ್ಜ ಹೇಳಿದರು. ಯಾರು ಕಟ್ಟಿಸಿದರೆಂದು ಕೇಳಿದರೆ ಜಕಣಾಚಾರಿ ಎಂಬ ಉತ್ತರ ಬಂತು. ನಮ್ಮ ಕಡೆ ಹಳೆಯ ಗುಡಿಗಳನ್ನೆಲ್ಲ ಕಟ್ಟಿದವನು ಅವನೊಬ್ಬನೇ! ನನಗೂ ಅಷ್ಟೇ ಸಾಕಾಯಿತು.

ಮುಂದೆ ನಾನು ಮಾಸ್ತರನಾದೆ. ಅದೇ ಸೀಮೆಯ ಶಾಲೆಯೊಂದರಲ್ಲಿ ಇತಿಹಾಸವನ್ನು ಕಲಿಸುತ್ತಿದ್ದೆ. ಒಂದು ವರ್ಷ ಮಕ್ಕಳನ್ನು ಸೂಡಿಗೆ ಕರೆದುಕೊಂಡು ಹೋದೆ. ನಾಗಕುಂಡದ ಮೆಟ್ಟಿಲುಗಳ ಮೇಲೆ ಕುಳಿತು ಬುತ್ತಿ ಬಿಚ್ಚಿದ್ದೆವು. ಆಗ ಹುಡುಗಿಯೊಬ್ಬಳು ಈ ಊರನ್ನು ಆಳಿದವರು ಯಾರೆಂದು ಕೇಳಿದಳು. ಕಲ್ಯಾಣದ ಚಾಲುಕ್ಯರೆಂದೆ. ಅವರಲ್ಲಿ ಯಾರಾದರೂ ಇಲ್ಲಿಯೇ ಇದ್ದರೇ ಎಂದು ಆಕೆ ಮತ್ತೆ ಕೇಳಿದಳು. ಅರಸರು ಇರುವುದು ದೊಡ್ಡ ಪಟ್ಟಣಗಳಲ್ಲಿ, ಇಂತಹ ಹಳ್ಳಿಗಳಲ್ಲಿ ಅಲ್ಲ ಎಂದು ನಾನು ನಕ್ಕು ಹೇಳಿದೆ. ಹುಡುಗರೂ ನಕ್ಕರು. ಆಕೆ ತಲೆ ತಗ್ಗಿಸಿ ರೊಟ್ಟಿ ಮುರಿಯತೊಡಗಿದಳು.

ಎರಡು ವರ್ಷಗಳ ತರುವಾಯ ಧಾರವಾಡದ ಗ್ರಂಥಾಲಯವೊಂದರಲ್ಲಿ ಸೂಡಿಯ ಶಾಸನಗಳ ಪಾಠ ನನ್ನ ಕೈಗೆ ಸಿಕ್ಕಿತು. ಓದುತ್ತ ಹೋದಂತೆ ನಾಚಿಕೆಯಾಯಿತು. ಆ ಊರಿನಲ್ಲಿ ಅರಸಿಯೊಬ್ಬಳು ನೆಲಸಿದ್ದಳು. ಅದನ್ನು ರಾಜಧಾನಿಯೆಂದು ಕರೆದಿದ್ದರು. ಅಷ್ಟರಲ್ಲಿ ಆ ಹುಡುಗಿ ಶಾಲೆಯನ್ನು ಬಿಟ್ಟು ಹೋಗಿದ್ದಳು. ಅಂದು ಆಕೆಗೆ ಸಲ್ಲಬೇಕಾಗಿದ್ದ ಉತ್ತರವನ್ನು ಇಂದು ವಾಚಕರ ಮುಂದೆ ಒಪ್ಪಿಸುತ್ತಿದ್ದೇನೆ.

ಅಕ್ಕಾದೇವಿ ಹುಟ್ಟಿದ್ದು ಕಲ್ಯಾಣ ಚಾಲುಕ್ಯರ ಮನೆತನದಲ್ಲಿ. 973ರಲ್ಲಿ ರಾಷ್ಟ್ರಕೂಟರ ಆಳ್ವಿಕೆಯನ್ನು ಕೊನೆಗಾಣಿಸಿ ಚಾಲುಕ್ಯ ರಾಜ್ಯವನ್ನು ಮರಳಿ ನಿಲ್ಲಿಸಿದ ಇಮ್ಮಡಿ ತೈಲಪನು ಆಕೆಯ ಅಜ್ಜ. ತೈಲಪನ ಹಿರಿಯ ಮಗ ಸತ್ಯಾಶ್ರಯ ಇರಿವಬೆಡಂಗನು ಆಕೆಯ ದೊಡ್ಡಪ್ಪ. ಕಿರಿಯ ಮಗ ದಶವರ್ಮನೇ ತಂದೆ. ಸತ್ಯಾಶ್ರಯನ ಬಳಿಕ ಪಟ್ಟವು ದಶವರ್ಮನ ಮಕ್ಕಳಿಗೆ ಬಂತು. 1008ರಲ್ಲಿ ಐದನೆಯ ವಿಕ್ರಮಾದಿತ್ಯನೂ 1015ರಲ್ಲಿ ಇಮ್ಮಡಿ ಜಯಸಿಂಹನೂ ಸಿಂಹಾಸನವನ್ನೇರಿದರು. ಇವರಿಬ್ಬರೂ ಅಕ್ಕಾದೇವಿಯ ಒಡಹುಟ್ಟಿದವರು. ಜಯಸಿಂಹನ ತರುವಾಯ ಅವನ ಮಗ ಮೊದಲನೆಯ ಸೋಮೇಶ್ವರನು ಅರಸನಾದನು. ಅವನಿಗೆ ಈಕೆ ಸೋದರತ್ತೆ. ಅಜ್ಜನು ಗೆದ್ದ ರಾಜ್ಯವನ್ನು ಕಂಡು, ಸೋದರರ ಕಾಲದಲ್ಲಿ ಆಡಳಿತಕ್ಕೆ ಕೈಯಿಟ್ಟು, ಸೋದರಳಿಯನ ಕಾಲದಲ್ಲಿಯೂ ಅದನ್ನು ಬಿಡದೆ ನಡೆಸಿದವಳು ಅಕ್ಕಾದೇವಿ.

ಆಕೆ ಪ್ರಾಯಕ್ಕೆ ಬಂದ ಕಾಲವು ಸುಖದ ಕಾಲವಾಗಿರಲಿಲ್ಲ. ತಂಜಾವೂರಿನ ಚೋಳರಿಗೂ ಚಾಲುಕ್ಯರಿಗೂ ನಡೆದ ದೀರ್ಘ ಕಲಹವು ಆಗಲೇ ಹೊತ್ತಿಕೊಂಡಿತ್ತು. ಚೋಳ ರಾಜೇಂದ್ರನು ಒಂಬತ್ತು ಲಕ್ಷ ದಂಡಿನೊಡನೆ ಕನ್ನಡ ನಾಡಿಗೆ ನುಗ್ಗಿ ದೋಣೂರಿನವರೆಗೆ ಬಂದನೆಂದೂ, ಹೆಂಗಸರು ಮಕ್ಕಳೆನ್ನದೆ ಜನರನ್ನು ಕೊಲ್ಲಿಸಿದನೆಂದೂ, ಸತ್ಯಾಶ್ರಯನು ಅವನನ್ನು ಹಿಂದಕ್ಕಟ್ಟಿದನೆಂದೂ ಹೊಟ್ಟೂರಿನ ಶಾಸನವು ಹೇಳುತ್ತದೆ. ಅದರ ಕಾಲ 1007. ದಂಡಿನ ಲೆಕ್ಕದಲ್ಲಿ ಕವಿಯ ಉತ್ಸಾಹವಿರಬಹುದು. ಆದರೆ ಊರುಗಳು ಸುಟ್ಟದ್ದು, ಜನರು ನೊಂದದ್ದು ಉತ್ಸಾಹದ ಮಾತಲ್ಲ. ಈ ಶಾಸನವಾದ ಮೂರೇ ವರ್ಷಗಳಲ್ಲಿ, ಎಂದರೆ 1010ರಲ್ಲಿ, ಅಕ್ಕಾದೇವಿಯ ಹೆಸರು ಸೂಡಿಯ ಕಲ್ಲಿನಲ್ಲಿ ಮೊದಲ ಬಾರಿಗೆ ಕಾಣಿಸಿಕೊಳ್ಳುತ್ತದೆ. ಆಗ ಆಕೆ ಕಿಸುಕಾಡು ಎಪ್ಪತ್ತನ್ನು ಆಳುತ್ತಿದ್ದಳು.

ಕಿಸು ಎಂದರೆ ಕೆಂಪು. ಪಟ್ಟದಕಲ್ಲಿನ ಹಳೆಯ ಹೆಸರಾದ ಕಿಸುವೊಳಲಿನಲ್ಲಿಯೂ ಇದೇ ಮಾತಿದೆ. ಮಲಪ್ರಭೆಯ ಕೆಂಗಲ್ಲಿನ ಗುಡ್ಡಗಳಿಂದ ಇತ್ತ ಎರೆಯ ಬಯಲಿನವರೆಗೆ ಹಬ್ಬಿದ ಎಪ್ಪತ್ತು ಊರುಗಳ ನಾಡು ಇದು. ಇದರ ಮಗ್ಗುಲಲ್ಲಿಯೇ ಬೆಳ್ವೊಲ ಮುನ್ನೂರು. ಬೆಳೆಯ ಹೊಲಗಳ ನಾಡೆಂದೇ ಆ ಹೆಸರಿನ ಅರ್ಥ. ಅಂದಿನ ರಾಜ್ಯಗಳಿಗೆ ಇಂತಹ ಬಯಲುಸೀಮೆಗಳೇ ಕಣಜಗಳಾಗಿದ್ದವು. ದಂಡಿನ ಹೊಟ್ಟೆ ತುಂಬಬೇಕಾದರೆ ಇಲ್ಲಿಯ ಜೋಳ ಬೇಕು. ಬೊಕ್ಕಸ ತುಂಬಬೇಕಾದರೆ ಇಲ್ಲಿಯ ಸಿದ್ಧಾಯ ಬೇಕು. ಹಗೆಯ ಕಣ್ಣು ಬೀಳುವುದೂ ಇಂತಹ ನೆಲದ ಮೇಲೆಯೇ. ಹೀಗಿರುವಾಗ ರಾಜಕುವರಿಯೊಬ್ಬಳಿಗೆ ಒಪ್ಪಿಸಿದ ಈ ಎಪ್ಪತ್ತು ಊರುಗಳನ್ನು ತವರಿನ ಬಳುವಳಿ, ಅರಿಸಿನ ಕುಂಕುಮದ ಕಾಣಿಕೆ ಎಂದು ಎಣಿಸುವುದು ಸರಿಯಲ್ಲ. ಅದು ಹೊಣೆ. ಆಕೆ ಆ ಹೊಣೆಯನ್ನು ನಾಲ್ಕು ದಶಕಗಳಿಗೂ ಮೀರಿ ಹೊತ್ತಳೆಂಬುದಕ್ಕೆ ಕಲ್ಲುಗಳೇ ಸಾಕ್ಷಿ.

ಆಕೆಯ ಹೆಸರಿನ ಬಗೆಗೆ ಒಂದು ಮಾತು. ಅಕ್ಕ ಎಂದೊಡನೆ ಕನ್ನಡಿಗರಾದ ನಮ್ಮ ಮನಸ್ಸು ಉಡುತಡಿಯ ಮಹಾದೇವಿಯಕ್ಕನ ಕಡೆಗೆ ಹರಿಯುತ್ತದೆ. ಆ ಅಕ್ಕನು ಅರಮನೆಯನ್ನು ತೊರೆದು ಹೊರಟವಳು. ಆಕೆಗಿಂತ ಒಂದು ಶತಮಾನಕ್ಕೂ ಹಿಂದಿನವಳಾದ ಈ ಅಕ್ಕನು ಅರಮನೆಯೊಳಗೇ ನಿಂತು ಲೋಕದ ಭಾರವನ್ನು ಹೊತ್ತವಳು. ನಾವು ಮೊದಲನೆಯವಳನ್ನು ಹೃದಯದಲ್ಲಿಟ್ಟುಕೊಂಡಿದ್ದೇವೆ, ಅದು ಯೋಗ್ಯವೇ. ಎರಡನೆಯವಳನ್ನು ಮಾತ್ರ ಪರೀಕ್ಷೆಯ ಪ್ರಶ್ನೆಯೊಂದರ ಮೂಲೆಗೆ ಸೇರಿಸಿದ್ದೇವೆ. ಶಾಸನಗಳು ಆಕೆಗೆ ಗುಣದಬೆಡಂಗಿ ಎಂಬ ಬಿರುದನ್ನು ಕೊಟ್ಟಿವೆ. ಬೆಡಗು ಎಂಬುದು ಚಾಲುಕ್ಯರ ಮನೆಯ ಮಾತು. ದೊಡ್ಡಪ್ಪನು ಇರಿತದಲ್ಲಿ ಬೆಡಗುಳ್ಳವನು, ಇರಿವಬೆಡಂಗ. ಮಗಳು ಗುಣದಲ್ಲಿ ಬೆಡಗುಳ್ಳವಳು. ಏಕವಾಕ್ಯೆ ಎಂಬುದು ಇನ್ನೊಂದು ಬಿರುದು. ಆಡಿದ ಮಾತನ್ನು ಎರಡಾಗಿಸದವಳು ಎಂದರ್ಥ. ರೂಪವನ್ನು ಹೊಗಳುವುದರಲ್ಲಿ ಜಿಪುಣರಲ್ಲದ ಶಾಸನಕವಿಗಳು ಈಕೆಯ ವಿಷಯದಲ್ಲಿ ಗುಣವನ್ನೂ ಮಾತಿನ ನಿಲುಕಡೆಯನ್ನೂ ಎತ್ತಿ ಹಿಡಿದಿರುವುದು ಗಮನಿಸತಕ್ಕದ್ದು. ಮೂರನೆಯ ಹೋಲಿಕೆಯೊಂದುಂಟು: ರಣರಂಗದಲ್ಲಿ ಆಕೆ ಭೈರವಿಯಂತೆ ಎಂಬುದು. ಇದು ಬರಿಯ ಅಲಂಕಾರವಲ್ಲವೆಂಬುದನ್ನು ಮುಂದೆ ಕಾಣುವೆವು.

ಅಕ್ಕಾದೇವಿಯ ಗೃಹಜೀವನದ ಕುರುಹುಗಳು ಹಾನಗಲ್ಲಿನ ಕಡೆಗೆ ಬೊಟ್ಟು ಮಾಡುತ್ತವೆ. ಹಾನಗಲ್ಲಿನ ಕದಂಬ ವಂಶದ ಮಯೂರವರ್ಮನೊಡನೆ ಆಕೆಯ ವಿವಾಹವಾಯಿತೆಂದು ಇತಿಹಾಸಕಾರರು ಗುರುತಿಸಿದ್ದಾರೆ. 1030ರ ದಶಕದಲ್ಲಿ ಬನವಾಸಿ ಪನ್ನಿರ್ಛಾಸಿರ ಮತ್ತು ಪಾನುಂಗಲ್ ಐನೂರರ ಆಳ್ವಿಕೆಯಲ್ಲಿ ಇಬ್ಬರ ಹೆಸರೂ ಜೊತೆಯಾಗಿ ಬರುತ್ತದೆ. ಮುಂದೆ ಅದೇ ನಾಡನ್ನು ಆಳಿದ ತೋಯಿಮದೇವನು ಅಕ್ಕಾದೇವಿಯ ಮಗ. ಮಲೆನಾಡಿನ ಅಂಚಿನ ಹಸಿರು ಸೀಮೆಗೆ ಸೊಸೆಯಾಗಿ ಹೋದರೂ ಆಕೆಯು ಈ ಬಯಲಿನ ಊರನ್ನು ಕೈಬಿಡಲಿಲ್ಲ. ಮದುವೆಯಾದ ಹೆಣ್ಣಿನ ಹೆಸರು ತವರಿನ ಲೆಕ್ಕದಿಂದ ಅಳಿಯುವುದು ವಾಡಿಕೆ. ಇಲ್ಲಿ ಹಾಗಾಗಲಿಲ್ಲ. ಕಿಸುಕಾಡು ಅಕ್ಕಾದೇವಿಯದಾಗಿಯೇ ಉಳಿಯಿತು.

ಆಳುವವರ ಮನಸ್ಸನ್ನು ಅರಿಯಬೇಕಾದರೆ ಅವರು ಕೊಟ್ಟದ್ದನ್ನು ನೋಡಬೇಕು. ಬಾದಾಮಿಯ ಬಳಿಯ ಬೇಲೂರು ಅಂದು ಪೇರೂರೆಂಬ ಅಗ್ರಹಾರ. ಹಾಸನ ಸೀಮೆಯ ಬೇಲೂರಿನೊಡನೆ ಇದನ್ನು ಬೆರೆಸಬಾರದು. ಜಯಸಿಂಹನ ಆಳ್ವಿಕೆಯಲ್ಲಿ ಅಕ್ಕಾದೇವಿಯು ಇಲ್ಲಿ ತ್ರೈಪುರುಷರ, ಎಂದರೆ ಬ್ರಹ್ಮ, ವಿಷ್ಣು, ಮಹೇಶ್ವರರ ದೇಗುಲವನ್ನು ಕಟ್ಟಿಸಿದಳು. ಅದರೊಡನೆ ವಿದ್ಯಾರ್ಥಿಗಳ ಅಶನ ವಸನಗಳಿಗೂ ಭೂಮಿಯನ್ನು ಬಿಟ್ಟಳು. ಗುಡಿ ಕಟ್ಟಿಸಿದ ರಾಣಿಯರು ಅನೇಕರಿದ್ದಾರೆ. ಗುಡಿಯ ಪಕ್ಕದಲ್ಲಿ ಓದುವ ಹುಡುಗನಿಗೆ ಅನ್ನ ಮತ್ತು ಅರಿವೆ ಬೇಕೆಂಬುದನ್ನು ನೆನೆದವರು ಅಷ್ಟು ಮಂದಿ ಇಲ್ಲ. ನಾನು ಮಾಸ್ತರನಾಗಿದ್ದವನು. ಮಧ್ಯಾಹ್ನದ ಊಟವಿಲ್ಲದೆ ತರಗತಿಯಲ್ಲಿ ತೂಕಡಿಸುವ ಮಕ್ಕಳನ್ನು ಕಂಡಿದ್ದೇನೆ. ಸಾವಿರ ವರ್ಷಗಳ ಹಿಂದೆ ಅರಸಿಯೊಬ್ಬಳಿಗೆ ಈ ವಿಚಾರ ಹೊಳೆದಿತ್ತೆಂಬುದು ನನಗೆ ಆಕೆಯ ಎಲ್ಲ ಬಿರುದುಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಈಗ 1047ರ ಕಡೆಗೆ ಬರೋಣ. ಇಂದಿನ ಬಾಗಲಕೋಟೆ ಜಿಲ್ಲೆಯ ಅರಸೀಬೀದಿಯಲ್ಲಿ, ಅಂದಿನ ವಿಕ್ರಮಪುರದಲ್ಲಿ, ಒಂದು ಶಾಸನವಿದೆ. ಅಲ್ಲಿ ಗುಣದಬೆಡಂಗಿ ಜಿನಾಲಯವೆಂಬ ಬಸದಿಯಿತ್ತು. ಅಕ್ಕಾದೇವಿಯ ಬಿರುದೇ ಅದರ ಹೆಸರು. ಆ ಬಸದಿಗೂ ಅಲ್ಲಿಯ ಜೈನ ಮುನಿಗಳ ಮತ್ತು ಕಂತಿಯರ ಆಹಾರಾದಿಗಳಿಗೂ ಆಕೆ ದತ್ತಿಯನ್ನು ಬಿಟ್ಟಳು. ಈ ದತ್ತಿಯನ್ನು ಆಕೆ ಕೊಟ್ಟದ್ದು ಅರಮನೆಯ ಮಂಚದ ಮೇಲೆ ಕುಳಿತಲ್ಲ. ಗೋಕಾಗೆಯ, ಎಂದರೆ ಇಂದಿನ ಗೋಕಾವಿಯ, ಕೋಟೆಯನ್ನು ಮುತ್ತಿ ಬೀಡು ಬಿಟ್ಟಿದ್ದಾಗ. 1010ರಲ್ಲಿಯೇ ನಾಡನ್ನು ಆಳಬಲ್ಲ ವಯಸ್ಸಿನವಳಾಗಿದ್ದರೆ ಆಗ ಆಕೆ ಅರುವತ್ತರ ಹತ್ತಿರದವಳು. ಎಡಗೈಯಲ್ಲಿ ಮುತ್ತಿಗೆ, ಬಲಗೈಯಲ್ಲಿ ಅಹಿಂಸಾವ್ರತಿಗಳಿಗೆ ಅನ್ನ! ಇದರಲ್ಲಿ ವಿರೋಧವನ್ನು ಕಾಣುವವರು ಕಾಣಲಿ. ರಾಜ್ಯದ ಹೊಣೆಯನ್ನು ಹೊತ್ತವರಿಗೆ ಇವೆರಡೂ ಒಂದೇ ದಿನದ ಕೆಲಸಗಳಾಗಿರುವುದು ಲೋಕದ ದುರ್ದೈವವೂ ಹೌದು, ಅಂತಹ ದಿನದಲ್ಲಿಯೂ ಎರಡನೆಯ ಕೆಲಸವನ್ನು ಮರೆಯದಿರುವುದು ಆಕೆಯ ಹಿರಿಮೆಯೂ ಹೌದು. ತ್ರಿಮೂರ್ತಿಗಳ ಗುಡಿ ಕಟ್ಟಿಸಿದ ಕೈಯೇ ಬಸದಿಗೆ ದಾನವಿತ್ತಿತು. ಒಂದನ್ನು ಕೊಡುವಾಗ ಇನ್ನೊಂದನ್ನು ಹಳಿಯಬೇಕೆಂದು ಆಕೆಗೆ ಅನ್ನಿಸಲಿಲ್ಲ.

ಆಕೆಯ ಕಾರ್ಯಗಳಲ್ಲೆಲ್ಲ ಸೂಡಿಗೆ ಅತ್ಯಂತ ನಿಕಟವಾದುದು ಇನ್ನು ಹೇಳುವುದಿದೆ. ಸೂಡಿಯು ಆಗ ಬರಿಯ ಒಕ್ಕಲು ಹಳ್ಳಿಯಲ್ಲ. ಚಾಲುಕ್ಯರ ನಾಣ್ಯಗಳನ್ನು ಅಚ್ಚು ಹಾಕುವ ಕಮ್ಮಟವಿದ್ದ ಊರು. ಸೆಟ್ಟಿಗಳ ಊರು. ಇಂತಹ ಊರನ್ನು ಅಧಿಕಾರಿಯೊಬ್ಬನ ಕೈಯಲ್ಲಿಟ್ಟು ಆಳುವುದು ಸುಲಭ. ಅಕ್ಕಾದೇವಿ ಬೇರೆ ದಾರಿಯನ್ನು ಹಿಡಿದಳು. 1050ರ ಸುಮಾರಿನ ಸೂಡಿಯ ಶಾಸನವೊಂದರಲ್ಲಿ ಆಕೆಯ ಮಂತ್ರಿಗಳು ಸೇರಿ ಊರಿನ ಎಂಟು ಮಂದಿ ಸೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಅವರ ಕಟ್ಟಳೆಯನ್ನು ಹೊಸದಾಗಿ ಬರೆಸಿಕೊಟ್ಟ ಸಂಗತಿ ಇದೆ. ಊರಿನವರು ಒಂದು ಸಂಸ್ಥೆಯಾಗಿ ಬಾಳುವ ಹಕ್ಕಿಗೆ ಇದರಿಂದ ಕಲ್ಲಿನ ಆಧಾರ ದೊರೆಯಿತು.

ಈ ಕಟ್ಟಳೆಯ ಬೆಲೆಯನ್ನು ನಾವು ನಿಧಾನವಾಗಿ ಯೋಚಿಸಬೇಕು. ಬಾಯಿಮಾತಿನ ಹಕ್ಕು ಬಲವಿದ್ದವನ ಬಾಯಲ್ಲಿರುತ್ತದೆ. ತಾಳೆಗರಿಯ ಹಕ್ಕನ್ನು ಒರಲೆ ತಿನ್ನುತ್ತದೆ. ಕಲ್ಲಿನಲ್ಲಿ ಕೊರೆಯಿಸಿ ಊರ ನಡುವೆ ನಿಲ್ಲಿಸಿದ ಹಕ್ಕನ್ನು ಅರಸಿಯ ಅಧಿಕಾರಿಯೂ ಅಲ್ಲಗಳೆಯುವಂತಿಲ್ಲ, ಅರಸಿಯೂ ಅಲ್ಲಗಳೆಯುವಂತಿಲ್ಲ. ಅಧಿಕಾರವನ್ನು ಕೈಯಲ್ಲಿ ಹಿಡಿದವರು ತಮ್ಮ ಕೈಯನ್ನು ತಾವೇ ಕಟ್ಟಿಕೊಳ್ಳುವ ಕೆಲಸವಿದು. ಏಕವಾಕ್ಯೆ ಎಂಬ ಬಿರುದಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಕಾಣೆ. ಎಂಟು ಮಂದಿ ಹಣವಂತರ ಜೊತೆಗೆ ಎಂಬತ್ತು ಒಕ್ಕಲುಗಳನ್ನೂ ಹೆಸರಿಸಿರುವುದನ್ನು ಮರೆಯಬಾರದು. ಇಂದು ಗ್ರಾಮಪಂಚಾಯತಿಯ ಕಟ್ಟಡದ ಮುಂದೆ ಹಾದುಹೋಗುವಾಗ ನನಗೆ ಆ ಎಂಬತ್ತರ ನೆನಪಾಗುತ್ತದೆ.

1054ನೆಯ ವರ್ಷವು ಚಾಲುಕ್ಯರ ಇತಿಹಾಸದಲ್ಲಿ ಕೊಪ್ಪಮ್ ಕಾಳಗದಿಂದ ಪ್ರಸಿದ್ಧವಾಗಿದೆ. ಚೋಳ ರಾಜಾಧಿರಾಜನು ಆನೆಯ ಮೇಲಿದ್ದಂತೆಯೇ ಆ ಕಾಳಗದಲ್ಲಿ ಮಡಿದನು. ಅದೇ ವರ್ಷದಲ್ಲಿ ಸೂಡಿಯ ಅಕ್ಕೇಶ್ವರ ದೇವರಿಗೆ ದತ್ತಿ ಬಿಟ್ಟುದನ್ನು ಇನ್ನೊಂದು ಶಾಸನ ತಿಳಿಸುತ್ತದೆ. ಅಕ್ಕೇಶ್ವರ ಎಂಬ ಹೆಸರೇ ಆ ಗುಡಿಗೂ ಆಕೆಗೂ ಇರುವ ಸಂಬಂಧವನ್ನು ಸಾರುತ್ತದೆ. ಯುದ್ಧದ ವರ್ಷವನ್ನು ಪಠ್ಯಪುಸ್ತಕ ನೆನಪಿಟ್ಟಿತು. ದತ್ತಿಯ ವರ್ಷವನ್ನು ಬಯಲಿನ ಕಲ್ಲೊಂದು ನೆನಪಿಟ್ಟಿತು. ಇದಾದ ಕೆಲವು ವರ್ಷಗಳಿಗೆ, 1060ರ ಸುಮಾರಿಗೆ, ಸೋಮೇಶ್ವರನ ದಂಡನಾಯಕನಾದ ನಾಗದೇವನು ಸೂಡಿಯಲ್ಲಿ ನಾಗೇಶ್ವರ ಗುಡಿಯನ್ನು ಕಟ್ಟಿಸಿದನು. ನಾಗಕುಂಡವೂ ಅವನ ಹೆಸರನ್ನೇ ಹೊತ್ತಿದೆ. ಅಕ್ಕಾದೇವಿ ನೆಲೆಗೊಳಿಸಿದ ಊರು ಆಕೆಯ ಬಳಿಕವೂ ಬೆಳೆಯಿತೆಂಬುದಕ್ಕೆ ಇದೇ ಗುರುತು.

ಈ ಬಯಲಿನಲ್ಲಿ ಹೆಣ್ಣೊಬ್ಬಳು ದೊಡ್ಡ ಕಾರ್ಯಕ್ಕೆ ಕೈಹಾಕಿದ್ದು ಇದೊಂದೇ ಸಲವಲ್ಲ. ಗದಗಿನ ಪಕ್ಕದ ಲಕ್ಕುಂಡಿಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ ಜಿನಾಲಯದ ಶಾಸನವೂ 1007ರದೇ. ಅತ್ತಿಮಬ್ಬೆಯ ಮುಪ್ಪಿನ ದಿನಗಳಲ್ಲಿ ಅಕ್ಕಾದೇವಿ ತರುಣಿ. ಸೋಮೇಶ್ವರನ ರಾಣಿಯರಾದ ಮೈಳಲದೇವಿ, ಕೇತಲದೇವಿಯರು, ಆರನೆಯ ವಿಕ್ರಮಾದಿತ್ಯನ ರಾಣಿ ಲಕ್ಷ್ಮಾದೇವಿ, ಇವರೂ ನಾಡುಗಳನ್ನು ಅಗ್ರಹಾರಗಳನ್ನು ಆಳಿದರು. ಆದರೆ ಅವರು ಅರಸನ ರಾಣಿಯರೆಂಬ ಬಲದಿಂದ ಆಳಿದವರು. ಅಕ್ಕಾದೇವಿ ಮನೆಮಗಳಾಗಿ ಆಳಿದಳು, ಮೂವರು ಅರಸರ ಕಾಲದಲ್ಲಿ ಆಳಿದಳು. ಅರಸರು ಬದಲಾದರೂ ಆಕೆಯನ್ನು ಬದಲಿಸುವ ಅಗತ್ಯ ಯಾರಿಗೂ ತೋರಲಿಲ್ಲ. ಆಡಳಿತಗಾರರಿಗೆ ಇದಕ್ಕಿಂತ ಹೆಚ್ಚಿನ ಪ್ರಶಸ್ತಿಪತ್ರ ಯಾವುದಿದೆ?

ಕೆಲವು ತಿಂಗಳ ಹಿಂದೆ ಮತ್ತೆ ಸೂಡಿಗೆ ಹೋಗಿದ್ದೆ. ಹಿಂದೆ ರೋಣ ತಾಲೂಕಿನಲ್ಲಿದ್ದ ಊರು ಈಗ ಗಜೇಂದ್ರಗಡ ತಾಲೂಕಿಗೆ ಸೇರಿದೆ. ಧಾರವಾಡ ಜಿಲ್ಲೆಯಾಗಿದ್ದುದು 1997ರಲ್ಲಿ ಗದಗ ಜಿಲ್ಲೆಯಾಯಿತು. ಕಿಸುಕಾಡು ಎಪ್ಪತ್ತರ ಗಡಿಗಳನ್ನು ಬಲ್ಲವರಿಗೆ ಈ ಬದಲಾವಣೆಗಳು ದೊಡ್ಡವಲ್ಲ. ಜೋಡು ಕಳಸದ ಗುಡಿಯಲ್ಲಿ ಎರಡು ಗರ್ಭಗೃಹಗಳು ಎದುರುಬದುರಾಗಿ ಒಂದನ್ನೊಂದು ನೋಡುತ್ತ ನಿಂತಿವೆ. ನಾಗಕುಂಡದ ಒಳಗೋಡೆಗಳನ್ನು ಗುಡಿಯ ಹೊರಗೋಡೆಗಳಂತೆಯೇ ಕಂಡರಿಸಿದ್ದಾರೆ. ನೀರಿಗೆ ಇಳಿಯುವವನು ದೇವಾಲಯದೊಳಕ್ಕೆ ಇಳಿದಂತಾಗಬೇಕೆಂಬುದು ಆ ಶಿಲ್ಪಿಯ ಬಯಕೆಯಾಗಿತ್ತೇನೋ. ಊರೊಳಗಣ ಮಲ್ಲಿಕಾರ್ಜುನನ ಗುಡಿಯಲ್ಲಿ ಕತ್ತಲು ತಂಪಾಗಿತ್ತು. ಹೊರಗೆ ಕಡಲೆಯ ಹೊಲಗಳಲ್ಲಿ ಇಬ್ಬನಿಯ ಹುಳಿ ಏರಿತ್ತು.

ಕುಂಡದ ಮೆಟ್ಟಿಲ ಮೇಲೆ ಅಂದು ಕುಳಿತಿದ್ದ ಜಾಗದಲ್ಲಿಯೇ ಕುಳಿತೆ. ಆ ಹುಡುಗಿ ಈಗ ಎಲ್ಲಿರುವಳೋ, ಯಾವ ಊರಿನ ಸೊಸೆಯೋ, ಯಾರ ತಾಯಿಯೋ. ನಾನು ಆಕೆಗೆ ಕಲಿಸಿದ ಪಾಠಗಳಲ್ಲಿ ಎಷ್ಟನ್ನು ಮರೆತಿರುವಳೋ ತಿಳಿಯದು. ಆದರೆ ಸಣ್ಣ ಊರಿನಲ್ಲಿ ದೊಡ್ಡವರು ಇರುವುದಿಲ್ಲವೆಂದು ಎಲ್ಲರೂ ನಕ್ಕ ಆ ಪಾಠವನ್ನು ಮರೆತಿರಲಾರಳು ಎಂಬ ಅಂಜಿಕೆ ನನಗಿದೆ. ಅಂತಹ ಪಾಠಗಳು ಮಕ್ಕಳ ಮನಸ್ಸಿನಲ್ಲಿ ಬೇಗ ಬೇರು ಬಿಡುತ್ತವೆ. ತಮ್ಮ ಊರನ್ನೂ ತಮ್ಮನ್ನೂ ಕಿರಿದೆಂದು ಬಗೆಯುವುದಕ್ಕೆ ಅಲ್ಲಿಂದಲೇ ಮೊದಲು.

ಆದುದರಿಂದ ಈ ಸೀಮೆಯ ಶಾಲೆಗಳಲ್ಲಿ ಕಲಿಸುತ್ತಿರುವ ಸಹೋದ್ಯೋಗಿಗಳಲ್ಲಿ ನನ್ನದೊಂದು ವಿನಂತಿ. ಮಕ್ಕಳನ್ನು ಸೂಡಿಗೆ ಕರೆದುಕೊಂಡು ಹೋಗಿರಿ. ಗುಡಿಗಳನ್ನು ತೋರಿಸಿರಿ. ಆದರೆ ಜಕಣಾಚಾರಿಯ ಹೆಸರಿನಲ್ಲಿ ಕತೆಯನ್ನು ಮುಗಿಸಿಬಿಡಬೇಡಿರಿ. ಸಾವಿರ ವರ್ಷಗಳ ಹಿಂದೆ ಇಲ್ಲಿ ಅಕ್ಕಾದೇವಿ ಎಂಬವಳು ಆಳಿದಳು, ಓದುವವರಿಗೆ ಅನ್ನವಿಟ್ಟಳು, ಕೋಟೆಯನ್ನು ಮುತ್ತಿದಳು, ಊರಿನ ಹಕ್ಕನ್ನು ಊರವರ ಕೈಗೆ ಕಲ್ಲಿನಲ್ಲಿ ಬರೆದುಕೊಟ್ಟಳು ಎಂದು ಹೇಳಿರಿ. ಅರಸರು ಈ ಊರಿನಲ್ಲಿದ್ದರೇ ಎಂದು ಯಾವಳಾದರೂ ಹುಡುಗಿ ಕೇಳಿದರೆ, ಇದ್ದಳು ಎಂದು ಉತ್ತರ ಕೊಡಿರಿ.